ಸೈಟ್‌ಮ್ಯಾಪ್ ಸಲ್ಲಿಸಿದರೆ ಹಳೆಯ ಲೇಖನಗಳು ಗೂಗಲ್‌ನಲ್ಲಿ ಸಿಗುತ್ತವೆಯೇ?

ಪ್ರಶ್ನೆ: ನಮ್ಮ ಸಾಹಿತ್ಯ ಸಂಘವು ಹಿಂದೆ ಹೊರತರುತ್ತಿದ್ದ ಮಾಸಪತ್ರಿಕೆಯ ಸುಮಾರು 1,800 ಲೇಖನಗಳನ್ನು ಜಾಲತಾಣಕ್ಕೆ ಏರಿಸಿದ್ದೇವೆ. ಓದುಗರು ಶೀರ್ಷಿಕೆಯನ್ನು ಟೈಪ್ ಮಾಡಿ ಹುಡುಕಿಕೊಳ್ಳಲು ತಾಣದಲ್ಲಿ ಒಂದು ಹುಡುಕುಪೆಟ್ಟಿಗೆ ಇದೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಮುಖಪುಟವೂ ಹೊಸ ಲೇಖನಗಳು ಕೆಲವೂ ಮಾತ್ರ ಕಾಣುತ್ತವೆ. ಸೈಟ್‌ಮ್ಯಾಪ್ ಸಲ್ಲಿಸಿದರೆ ಎಲ್ಲವೂ ಮೊದಲ ಪುಟಕ್ಕೆ ಬರುತ್ತವೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಇದು ನಿಜವೇ?
– ಸಂಘದ ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ತಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಸೈಟ್‌ಮ್ಯಾಪ್ ಎಂದರೆ ತಾಣದಲ್ಲಿರುವ ಪುಟಗಳ ವಿಳಾಸಗಳನ್ನು ಎಕ್ಸ್‌ಎಂಎಲ್ ಎಂಬ, ಯಂತ್ರಗಳು ಓದಬಲ್ಲ ರೂಪದಲ್ಲಿ ಬರೆದಿಟ್ಟ ಒಂದು ಪಟ್ಟಿ. ಗೂಗಲ್ 2005ರಲ್ಲಿ ಆರಂಭಿಸಿದ ಈ ಪದ್ಧತಿಯನ್ನು ಮರುವರ್ಷವೇ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಇಂತಿಂಥ ಪುಟಗಳು ಇಲ್ಲಿವೆ ಎಂದು ಅದು ಶೋಧಯಂತ್ರಕ್ಕೆ ತಿಳಿಸುತ್ತದೆಯೇ ಹೊರತು ಯಾವ ಪುಟಕ್ಕೂ ಮೇಲಿನ ಸ್ಥಾನವನ್ನು ಕೊಡಿಸುವುದಿಲ್ಲ. ಪಟ್ಟಿಯಲ್ಲಿರುವ ಪುಟಗಳನ್ನೆಲ್ಲ ಸೂಚಿಗೆ, ಅಂದರೆ ಹುಡುಕಾಟದ ಫಲಿತಾಂಶಗಳನ್ನು ಆಯ್ದುಕೊಡುವ ತನ್ನ ಸಂಗ್ರಹಕ್ಕೆ, ಸೇರಿಸಿಕೊಳ್ಳಲೇಬೇಕೆಂಬ ಕಟ್ಟುಪಾಡೂ ಗೂಗಲ್‌ಗೆ ಇಲ್ಲ.

ಹಾಗಿದ್ದರೂ ತಮ್ಮ ತಾಣಕ್ಕೆ ಅದು ಖಂಡಿತವಾಗಿ ಬೇಕು ಎಂದೇ ನಾನು ಹೇಳುತ್ತೇನೆ. ಶೋಧಯಂತ್ರದ ತೆವಳುಕ, ಅಂದರೆ ಪುಟದಿಂದ ಪುಟಕ್ಕೆ ಹೋಗಿ ಓದುವ ತಂತ್ರಾಂಶವು, ಕೊಂಡಿಗಳನ್ನು ಹಿಡಿದು ಸಾಗುತ್ತದೆ. ಹುಡುಕುಪೆಟ್ಟಿಗೆಯಲ್ಲಿ ಶೀರ್ಷಿಕೆಯನ್ನು ಟೈಪ್ ಮಾಡಿ ನೋಡುವುದು ಅದರ ಕ್ರಮವಲ್ಲ. ಹೀಗಾಗಿ ಹುಡುಕುಪೆಟ್ಟಿಗೆಯ ಮೂಲಕ ಮಾತ್ರ ತೆರೆದುಕೊಳ್ಳುವ ಹಳೆಯ ಲೇಖನಗಳು ಇವೆಯೆಂಬುದೇ ಅದಕ್ಕೆ ತಿಳಿದಿರುವ ಸಂಭವ ಕಡಿಮೆ. ಸುಮಾರು 500 ಪುಟಗಳೊಳಗಿನ, ಒಳಕೊಂಡಿಗಳು ಚೆನ್ನಾಗಿರುವ ತಾಣಕ್ಕೆ ಸೈಟ್‌ಮ್ಯಾಪ್ ಅಗತ್ಯವಿಲ್ಲದಿರಬಹುದು ಎಂದು ಗೂಗಲ್ ಹೇಳುತ್ತದೆ. ತಮ್ಮ ತಾಣದಲ್ಲಿ ಪುಟಗಳು ಅದಕ್ಕಿಂತ ಹೆಚ್ಚು, ಕೊಂಡಿಗಳು ಕಡಿಮೆ.

ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಸೇರಿಸಬಹುದಾದ್ದರಿಂದ ತಮಗೆ ಒಂದೇ ಕಡತ ಸಾಕು. ತಾಣವು ವರ್ಡ್‌ಪ್ರೆಸ್ ಎಂಬ ತಾಣನಿರ್ವಹಣೆಯ ತಂತ್ರಾಂಶದಲ್ಲಿದ್ದರೆ 2020ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಈಚೆಗೆ ಸೈಟ್‌ಮ್ಯಾಪ್ ತಾನಾಗಿಯೇ ತಯಾರಾಗುತ್ತದೆ. ಅದರ ವಿಳಾಸವನ್ನು ತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸೇವೆಯಲ್ಲಿ ಸಲ್ಲಿಸಿ, ಶೋಧಯಂತ್ರಗಳಿಗೆ ಸೂಚನೆ ಕೊಡಲು ತಾಣದಲ್ಲಿಡುವ ರೋಬೋಟ್ಸ್ (robots.txt) ಕಡತದಲ್ಲಿಯೂ ಒಂದು ಸಾಲಾಗಿ ಬರೆದರೆ ಬೇರೆ ಶೋಧಯಂತ್ರಗಳಿಗೂ ಅದು ಸಿಗುತ್ತದೆ. ಪಟ್ಟಿಯಲ್ಲಿ ಓದುಗರಿಗೆ ಸಿಗಬೇಕಾದ ಪುಟಗಳು ಮಾತ್ರ ಇರಲಿ. ಅಳಿಸಿಹಾಕಿದ ಪುಟ, ಬೇರೆ ವಿಳಾಸಕ್ಕೆ ಕಳುಹಿಸುವ ಪುಟ, ಸೂಚಿಗೆ ಸೇರಿಸಬೇಡಿ ಎಂದು ತಾವೇ ಗುರುತು ಹಾಕಿರುವ ಪುಟ, ಇವು ಅಲ್ಲಿರಕೂಡದು. ವಿಳಾಸಗಳಲ್ಲಿ ಕನ್ನಡ ಅಕ್ಷರಗಳಿದ್ದರೆ ಅವು ಶೇಕಡಾ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಸಂಕೇತರೂಪಕ್ಕೆ ತಿರುಗಿದಾಗ ಬಹಳ ಉದ್ದವಾಗುತ್ತವೆ: ‘ಕನ್ನಡ’ ಎಂಬ ಒಂದೇ ಪದ 45 ಚಿಹ್ನೆಗಳಾಗುತ್ತದೆ. ಇದು ತಪ್ಪಲ್ಲ, ಆದರೆ ಒಂದು ವಿಳಾಸವು 2,048 ಚಿಹ್ನೆಗಳಿಗಿಂತ ಕಡಿಮೆ ಇರಬೇಕೆಂಬ ನಿಯಮವಿರುವುದರಿಂದ ಇಡೀ ಶೀರ್ಷಿಕೆಯನ್ನೇ ವಿಳಾಸವಾಗಿಸದೆ ಎರಡು ಮೂರು ಪದಗಳಲ್ಲಿ ನಿಲ್ಲಿಸುವುದು ಒಳ್ಳೆಯದು.

ತಾವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಹಳೆಯ ಕನ್ನಡ ಪತ್ರಿಕೆಗಳನ್ನು ಜಾಲಕ್ಕೆ ತರುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಲೇಖನಗಳನ್ನು ಹಿಂದೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿ ಹಾಗೆಯೇ ಏರಿಸಿದ್ದರೆ, ಆ ಫಾಂಟಿನ ನೆರವಿನಿಂದ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ಅರ್ಥವಿಲ್ಲದ ಸರಣಿ. ತೆವಳುಕವು ಸೈಟ್‌ಮ್ಯಾಪ್ ನೋಡಿಕೊಂಡು ಆ ಪುಟದ ಬಾಗಿಲಿನವರೆಗೆ ಬಂದರೂ ಅಲ್ಲಿ ಅದಕ್ಕೆ ಒಂದು ಕನ್ನಡ ಪದವೂ ಸಿಗುವುದಿಲ್ಲ. ಒಂದು ಲೇಖನದ ಕೆಲವು ಸಾಲುಗಳನ್ನು ನಕಲು ಮಾಡಿ ಮೊಬೈಲ್‌ನ ಸಂದೇಶದಲ್ಲಿ ಅಂಟಿಸಿ ನೋಡಿ: ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ಅಕ್ಷರಗಳು ಕಲಸಿಹೋದರೆ ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಪರಿಶೀಲಿಸಿ. ಪುಟಗಳನ್ನು ಬರಿಯ ಚಿತ್ರಗಳಾಗಿ ಸ್ಕ್ಯಾನ್ ಮಾಡಿ ಹಾಕಿದ್ದರೆ ಪ್ರತಿಯೊಂದಕ್ಕೂ ಶೀರ್ಷಿಕೆ, ಲೇಖಕರ ಹೆಸರು ಮತ್ತು ನಾಲ್ಕು ಸಾಲಿನ ಸಾರವನ್ನಾದರೂ ಯುನಿಕೋಡ್‌ನಲ್ಲಿ ಬರೆಯಿರಿ. 1,800 ಲೇಖನಗಳಿಗೆ ಇದು ತಿಂಗಳುಗಟ್ಟಲೆಯ ಕೆಲಸವೆಂದು ಬಲ್ಲೆ. ಆದರೂ ಒಂದು ಊರಿನ ಬರವಣಿಗೆ ನಾಳೆಯ ಓದುಗರಿಗೆ ದಕ್ಕಬೇಕಾದರೆ ಬೇರೆ ದಾರಿಯಿಲ್ಲ.

ಇದರ ಜೊತೆಗೆ ವರ್ಷ ಮತ್ತು ಸಂಚಿಕೆಯ ಪ್ರಕಾರ ಪರಿವಿಡಿ ಪುಟಗಳನ್ನು ಮಾಡಿ, ಅಲ್ಲಿಂದ ಪ್ರತಿ ಲೇಖನಕ್ಕೂ ಕೊಂಡಿ ಕೊಡಿ. ಇದು ಓದುಗರಿಗೂ ಅನುಕೂಲ. ಕೆಲವು ವಾರಗಳ ನಂತರ ಸರ್ಚ್ ಕನ್ಸೋಲ್‌ನ ಪುಟಗಳ ವರದಿಯನ್ನು ತೆರೆಯಿರಿ. ಪತ್ತೆಯಾಗಿಯೂ ತೆವಳುಕ ಇನ್ನೂ ಓದದ ಪುಟಗಳು ಒಂದು ಗುಂಪಾಗಿಯೂ, ಓದಿಯೂ ಸೂಚಿಗೆ ಸೇರಿಸದ ಪುಟಗಳು ಇನ್ನೊಂದು ಗುಂಪಾಗಿಯೂ ಅಲ್ಲಿ ಕಾಣುತ್ತವೆ. ಎರಡನೆಯ ಗುಂಪು ದೊಡ್ಡದಾಗಿದ್ದರೆ ಸೈಟ್‌ಮ್ಯಾಪನ್ನು ಮತ್ತೆ ಮತ್ತೆ ಸಲ್ಲಿಸಿ ಪ್ರಯೋಜನವಿಲ್ಲ. ಆ ಪುಟಗಳಲ್ಲಿರುವ ಪಠ್ಯವನ್ನೇ ನೋಡಬೇಕು.

ಪ್ರಶ್ನೆ: ಸೈಟ್‌ಮ್ಯಾಪ್‌ನಲ್ಲಿ ಪುಟಗಳ ಆದ್ಯತೆಯನ್ನು ಗರಿಷ್ಠ ಮಾಡಿ, ಬದಲಾವಣೆಯ ದಿನಾಂಕವನ್ನು ದಿನವೂ ಹೊಸದಾಗಿಸಿದರೆ ಲಾಭವಿದೆಯೇ?
– ಓದುಗರು, ಧಾರವಾಡ

ಉತ್ತರ: ಲಾಭವಿಲ್ಲ. ಆದ್ಯತೆಯ ಅಂಕಿಯನ್ನಾಗಲಿ, ಪುಟವು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎಂಬ ಸೂಚನೆಯನ್ನಾಗಲಿ ಗೂಗಲ್ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಕೊನೆಯ ಬದಲಾವಣೆಯ ದಿನಾಂಕವನ್ನು ಬಳಸಿಕೊಳ್ಳುತ್ತದೆ, ಆದರೆ ಅದು ಸದಾ ನಿಜವಾಗಿದೆ ಎಂದು ಕಂಡುಬಂದಾಗ ಮಾತ್ರ. ಪುಟ ಬದಲಾಗದೆ ದಿನಾಂಕ ಮಾತ್ರ ಬದಲಾಗುತ್ತಿದ್ದರೆ ಆ ದಿನಾಂಕವು ನಂಬಿಕೆಯನ್ನು ಕಳೆದುಕೊಳ್ಳುತ್ತದೆ. ಮುಂದೆ ತಾವು ನಿಜವಾಗಿಯೇ ಒಂದು ಲೇಖನವನ್ನು ತಿದ್ದಿದಾಗಲೂ ಅದನ್ನು ತಿಳಿಸುವ ದಾರಿ ಮುಚ್ಚಿರುತ್ತದೆ. ಪಠ್ಯವನ್ನು ಗಮನಾರ್ಹವಾಗಿ ತಿದ್ದಿದ ದಿನವಷ್ಟೇ ದಿನಾಂಕವನ್ನು ಬದಲಿಸಿ.