ಹತ್ತು ದಿನಕ್ಕೆ ಮೂರು ದೇಶ ಬೇಡ, ಮೇ ಹಾಂಗ್ ಸಾನ್‌ನ ಒಂದು ಸುತ್ತು ಸಾಕು

ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ತಾಯಿಯೊಡನೆ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಮೂರೂ ದೇಶಗಳ ಗುಡ್ಡಗಾಡನ್ನು ಬಾಡಿಗೆ ಕಾರಿನಲ್ಲಿ ನಾನೇ ಓಡಿಸಿಕೊಂಡು ನೋಡಬಹುದೇ, ಚಾರ್ಮಾಡಿ ಮತ್ತು ಆಗುಂಬೆ ಘಾಟಿಗಳಲ್ಲಿ ಓಡಿಸಿದ ಅನುಭವ ಅದಕ್ಕೆ ಸಾಕೇ ಎಂದು ಕೇಳಿದ್ದೀರಿ. ಅನುಭವ ಸಾಕು, ದಿನಗಳು ಸಾಲವು. ಆ ಭಾಗದಲ್ಲಿ ಎರಡು ಬಾರಿ, ಎರಡನೆಯ ಬಾರಿ ಎಪ್ಪತ್ತು ದಾಟಿದ ನನ್ನ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿದವನಾಗಿ ನಾನು ಹೇಳುವುದು ಇಷ್ಟು: ಲಾವೋಸ್, ವಿಯೆಟ್ನಾಂಗಳನ್ನು ಈ ಸಲ ಕೈಬಿಡಿ, ಉತ್ತರ ಥಾಯ್ಲೆಂಡಿನ ಮೇ ಹಾಂಗ್ ಸಾನ್ ಸುತ್ತನ್ನು ಮಾತ್ರ ಹಿಡಿದು, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಕೂರದಂತೆ ಯೋಜಿಸಿ.

ಮೂರು ದೇಶ ಬೇಡ ಎನ್ನಲು ಕಾರಣಗಳಿವೆ. ಥಾಯ್ಲೆಂಡಿನಲ್ಲಿ ನಮ್ಮಂತೆಯೇ ರಸ್ತೆಯ ಎಡಭಾಗದಲ್ಲಿ ವಾಹನ ಓಡಿಸುತ್ತಾರೆ. ಲಾವೋಸ್ ಮತ್ತು ವಿಯೆಟ್ನಾಂನಲ್ಲಿ ಬಲಭಾಗದಲ್ಲಿ. ಕುಟುಂಬವನ್ನು ಕೂರಿಸಿಕೊಂಡು, ಒಂದು ಬದಿ ಗುಡ್ಡ ಒಂದು ಬದಿ ಕಮರಿ ಇರುವ ರಸ್ತೆಯಲ್ಲಿ ಕೈಗೆ ಬಂದ ಅಭ್ಯಾಸವನ್ನು ತಿರುಗುಮುರುಗು ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಎರಡನೆಯದು ಕಾಗದದ ವಿಷಯ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದಡಿಯದು. ಥಾಯ್ಲೆಂಡ್ ಅದನ್ನು ಒಪ್ಪುತ್ತದೆ. ವಿಯೆಟ್ನಾಂ 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನಷ್ಟೇ ಒಪ್ಪುವುದರಿಂದ ಅಲ್ಲಿ ನಮ್ಮ ಪರವಾನಗಿಗೆ ಬೆಲೆಯಿಲ್ಲ. ಹಾಗೆಯೇ ಓಡಿಸಿ ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಉತ್ತರ ವಿಯೆಟ್ನಾಂನ ಹಾ ಜಿಯಾಂಗ್‌ನ ಕಣಿವೆಗಳನ್ನು ನೋಡಲೇಬೇಕೆಂದಿದ್ದರೆ ಇನ್ನೊಂದು ವರ್ಷ ಸ್ಥಳೀಯ ಚಾಲಕರೊಡನೆ ಕಾರು ಗೊತ್ತುಮಾಡಿಕೊಂಡು ಹೋಗಿ. ಇನ್ನು ಥಾಯ್ ಬಾಡಿಗೆ ಕಾರನ್ನು ಗಡಿ ದಾಟಿಸಲು ಕಾರಿನ ಮಾಲೀಕರ ಲಿಖಿತ ಒಪ್ಪಿಗೆ, ಗಡಿಯ ಕಾಗದಪತ್ರ, ಬೇರೆ ವಿಮೆ ಎಲ್ಲವೂ ಬೇಕು. ಬಹುತೇಕ ಬಾಡಿಗೆಯವರು ಒಪ್ಪುವುದೇ ಇಲ್ಲ.

ಮೇ ಹಾಂಗ್ ಸಾನ್ ಸುತ್ತು ಚಿಯಾಂಗ್ ಮಾಯ್ ನಗರದಿಂದ ಹೊರಟು ಅಲ್ಲಿಗೇ ಮರಳುವ ಸುಮಾರು 600 ಕಿಲೋಮೀಟರಿನ ದಾರಿ. ದಕ್ಷಿಣದ ಅರ್ಧ 108ನೆಯ ಹೆದ್ದಾರಿ, ಉತ್ತರದ ಅರ್ಧ 1095ನೆಯ ಹೆದ್ದಾರಿ. ಇದರಲ್ಲಿ 1,864 ತಿರುವುಗಳಿವೆ ಎಂದು ಅಲ್ಲಿಯವರು ಲೆಕ್ಕ ಹೇಳುತ್ತಾರೆ; ಅಂಗಿಗಳ ಮೇಲೂ ಆ ಸಂಖ್ಯೆ ಅಚ್ಚಾಗಿರುತ್ತದೆ. ಆಗುಂಬೆಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವು ಇಳಿದರೆ ಘಾಟಿ ಮುಗಿಯಿತು. ಇಲ್ಲಿ ಮುಗಿಯುವುದೇ ಇಲ್ಲ, ಒಂದು ಗುಡ್ಡ ಇಳಿದ ಕೂಡಲೇ ಇನ್ನೊಂದು ಏರು ಎದುರಾಗುತ್ತದೆ. ರಸ್ತೆ ಚೆನ್ನಾಗಿದೆ, ಗುಂಡಿಗಳಿಲ್ಲ, ಬಿಳಿ ಗೆರೆಗಳು ಸ್ಪಷ್ಟ. ಆದರೂ ಭೂಪಟ ತೋರಿಸುವ ಕಿಲೋಮೀಟರುಗಳನ್ನು ನಂಬಬೇಡಿ. ಪಾಯ್‌ನಿಂದ ಚಿಯಾಂಗ್ ಮಾಯ್‌ಗೆ ಇರುವ ಸುಮಾರು 135 ಕಿಲೋಮೀಟರಿಗೆ ನಿಲ್ಲದೆ ಓಡಿಸಿದರೂ ಮೂರು ಗಂಟೆ ಹಿಡಿಯುತ್ತದೆ; ಹಿರಿಯರೂ ಮಗುವೂ ಇದ್ದರೆ ನಾಲ್ಕು ಎಂದಿಟ್ಟುಕೊಳ್ಳಿ.

ಹೆಚ್ಚಿನವರು ಮೊದಲು ಉತ್ತರಕ್ಕೆ, ಪಾಯ್ ಕಡೆಗೆ ಹೊರಡುತ್ತಾರೆ. ನೀವು ದಕ್ಷಿಣದಿಂದ ಆರಂಭಿಸಿ. 108ನೆಯ ಹೆದ್ದಾರಿಯ ಆರಂಭದ ಭಾಗ ಅಗಲವಾಗಿ, ಬಹುಮಟ್ಟಿಗೆ ನೇರವಾಗಿ ಇರುವುದರಿಂದ ಹೊಸ ಕಾರಿಗೆ ಕೈ ಕೂಡಿಕೊಳ್ಳುತ್ತದೆ. 1095ರ ಕಡಿದಾದ ತಿರುವುಗಳು ಬರುವ ಹೊತ್ತಿಗೆ ನಿಮಗೂ ಅಭ್ಯಾಸವಾಗಿರುತ್ತದೆ, ಹಿಂದೆ ಕೂತವರ ಹೊಟ್ಟೆಯೂ ಒಗ್ಗಿರುತ್ತದೆ. ಮೊದಲೆರಡು ದಿನ ಚಿಯಾಂಗ್ ಮಾಯ್‌ನಲ್ಲಿ ಕಾರೇ ಬೇಡ. ಊರೊಳಗೆ ಸೋಂಗ್‌ಥೇವ್ ಎಂಬ, ಹಿಂದೆ ಎರಡು ಸಾಲು ಬೆಂಚುಗಳಿರುವ ಕೆಂಪು ಬಣ್ಣದ ಬಾಡಿಗೆ ವಾಹನಗಳಲ್ಲಿ ಓಡಾಡಿ, ಡೋಯ್ ಸುಥೇಪ್ ದೇವಾಲಯವನ್ನೂ ಅದರಲ್ಲೇ ನೋಡಿ ಬನ್ನಿ. ಮೂರನೆಯ ದಿನ ಬೆಳಿಗ್ಗೆ ಕಾರು ಪಡೆದು ಚೋಮ್ ಥೋಂಗ್ ದಾರಿಯಾಗಿ ಡೋಯ್ ಇಂಥನಾನ್ ಏರಿ, ಆ ರಾತ್ರಿ ಬೆಟ್ಟದ ಮೇಲಿನ ಹಳ್ಳಿಯಲ್ಲೇ ಉಳಿಯಿರಿ.

ಇಂಥನಾನ್ ಥಾಯ್ಲೆಂಡಿನ ಅತಿ ಎತ್ತರದ ಶಿಖರ, 2,565 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರ. ಚಿಯಾಂಗ್ ಮಾಯ್ ಅರಸು ಮನೆತನದ ಇಂಥವಿಚಯಾನೋನ್ ಎಂಬ ದೊರೆಯ ಹೆಸರು ಈ ಬೆಟ್ಟಕ್ಕಿದೆ, ಅವನ ಅಸ್ಥಿಯನ್ನಿಟ್ಟ ಸ್ತೂಪ ತುದಿಯಲ್ಲಿದೆ. ತುದಿಯಿಂದ ನೋಟವೇನೂ ಕಾಣದು, ಸುತ್ತಲೂ ಪಾಚಿ ಹಿಡಿದ ದಟ್ಟ ಕಾಡು. ಆದರೆ ಅಲ್ಲಿನ ಆಂಗ್ ಕಾ ಎಂಬ ಹಲಗೆಯ ಕಾಲುದಾರಿ ಅರ್ಧ ಕಿಲೋಮೀಟರಿಗೂ ಕಡಿಮೆಯಿದ್ದು, ನಿಮ್ಮ ತಾಯಿಯವರೂ ನಿಧಾನವಾಗಿ ನಡೆಯಬಹುದು. ಕುದುರೆಮುಖದ ಶೋಲಾ ಕಾಡು ಕಂಡವರಿಗೆ ಆ ತೇವ, ಆ ಮೌನ ತೀರ ಪರಿಚಿತವೆನಿಸುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಕೆಲವೊಮ್ಮೆ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಇರುವುದರಿಂದ ಸ್ವೆಟರ್, ಟೋಪಿ, ಕಾಲುಚೀಲಗಳು ಪೆಟ್ಟಿಗೆಯ ತಳದಲ್ಲಿರದೆ ಕೈಗೆ ಸಿಗುವಂತಿರಲಿ.

ಈ ಬೆಟ್ಟ ಇಳಿಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಪ್ರವಾಸದಲ್ಲಿ ನಾನು ಹೆದರಿದ್ದು ಇಲ್ಲಿಯೇ. ತುದಿಯಿಂದ ಚೋಮ್ ಥೋಂಗ್‌ವರೆಗೆ ಸುಮಾರು 48 ಕಿಲೋಮೀಟರ್ ಹೆಚ್ಚುಕಡಿಮೆ ಇಳಿಜಾರೇ. ಮೊದಲ ಬಾರಿ ನಾನು ಆಟೊಮ್ಯಾಟಿಕ್ ಕಾರನ್ನು ಸಾಮಾನ್ಯ ಓಟದ 'ಡಿ'ಯಲ್ಲೇ ಬಿಟ್ಟು, ಬ್ರೇಕನ್ನಷ್ಟೇ ಒತ್ತುತ್ತಾ ಇಳಿದೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು; ಎದುರಿನ ಲಾರಿಯದಿರಬೇಕು ಎಂದುಕೊಂಡೆ. ಎರಡು ತಿರುವು ದಾಟುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ಮೊದಲಿಗಿಂತ ಆಳಕ್ಕೆ ಒತ್ತಿದರಷ್ಟೇ ಕಾರು ಹಿಡಿತಕ್ಕೆ ಬರತೊಡಗಿತು. ರಸ್ತೆ ಬದಿಯಲ್ಲಿ ಸ್ಟ್ರಾಬೆರಿ ಮಾರುತ್ತಿದ್ದ ಹೆಂಗಸೊಬ್ಬರ ಅಂಗಡಿಯ ಮುಂದೆ ನಿಲ್ಲಿಸಿದೆ. ಮುಂದಿನ ಚಕ್ರದಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ನಾನು ನೀರಿನ ಬಾಟಲಿ ತೆಗೆದದ್ದೇ ತಡ, ಆಕೆ ಬೇಡವೆಂದು ಜೋರಾಗಿ ಕೈಯಾಡಿಸಿ ತಡೆದರು. ಕಾದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆಂದು ಆಮೇಲೆ ತಿಳಿಯಿತು. ನಂತರ ಕಿಟಕಿಯೊಳಗೆ ಬಗ್ಗಿ, ಗೇರಿನ ಹಿಡಿಯನ್ನು ತೋರಿಸಿ, ಬೆರಳನ್ನು ಒಂದು ಮೆಟ್ಟಿಲು ಕೆಳಗೆ ಎಳೆದು ತೋರಿಸಿದರು. ನಲವತ್ತು ನಿಮಿಷ ಕಾದು, 'ಎಲ್' ಎಂಬ ಕೆಳಗಿನ ಗೇರಿಗೆ ಹಾಕಿಕೊಂಡು ಇಳಿದಾಗ ಬ್ರೇಕಿನ ಮೇಲೆ ಕಾಲಿಡುವ ಅಗತ್ಯವೇ ಅಪರೂಪವಾಯಿತು. ಬಾಡಿಗೆ ಕಾರಿನಲ್ಲಿ 'ಎಲ್', 'ಎಸ್', 'ಬಿ' ಅಥವಾ '2' ಇವುಗಳಲ್ಲಿ ಯಾವುದಿದೆ, ಅದಕ್ಕೆ ಹೇಗೆ ಹಾಕುವುದು ಎಂಬುದನ್ನು ಕಾರು ಪಡೆಯುವ ಜಾಗದಲ್ಲೇ ಕೇಳಿ ತಿಳಿದುಕೊಳ್ಳಿ. ಏರಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಘಾಟಿಯ ಬಸ್ ಚಾಲಕರು ಹೇಳುವ ಮಾತು ಆಟೊಮ್ಯಾಟಿಕ್ ಕಾರಿಗೂ ಸಲ್ಲುತ್ತದೆ. ಇಂಥನಾನ್‌ನಿಂದ ಮೇ ಚೇಮ್ ಕಡೆಗೆ ಇಳಿಯುವ 1192ನೆಯ ರಸ್ತೆ ಹತ್ತಿರದ ದಾರಿಯೆಂದು ಫೋನು ತೋರಿಸಬಹುದು. ಅದು ಇನ್ನೂ ಕಡಿದು, ಇನ್ನೂ ಕಿರಿದು. ನಿಮ್ಮ ಪರಿಸ್ಥಿತಿಯಲ್ಲಿ ಅದನ್ನು ಹಿಡಿಯಬೇಡಿ.

ನಾಲ್ಕನೆಯ ದಿನ ಚೋಮ್ ಥೋಂಗ್‌ಗೆ ಇಳಿದು, ಹೋಟ್ ಮೂಲಕ ಮೇ ಸರಿಯಾಂಗ್ ಸೇರಿ. ಯುವಾಮ್ ನದಿಯ ದಂಡೆಯ ಈ ಸಣ್ಣ ಊರಿನಲ್ಲಿ ನೋಡಲೇಬೇಕಾದದ್ದು ಏನೂ ಇಲ್ಲ, ಅದಕ್ಕೇ ನನಗದು ಇಷ್ಟ. ಐದನೆಯ ದಿನ ಉತ್ತರಕ್ಕೆ ಸುಮಾರು 165 ಕಿಲೋಮೀಟರ್ ಸಾಗಿದರೆ ಮೇ ಹಾಂಗ್ ಸಾನ್. ಮಧ್ಯೆ ಖುನ್ ಯುವಾಮ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಜಪಾನಿ ಸೈನಿಕರ ವಸ್ತುಗಳನ್ನಿಟ್ಟ ಸಂಗ್ರಹಾಲಯವಿದೆ. ಅದೇ ಊರಿನ ಡೋಯ್ ಮೇ ಉ ಖೋ ಬೆಟ್ಟದ ಪ್ರಸಿದ್ಧ ಹಳದಿ ಹೂಗಳು ನವೆಂಬರಿನವು, ಡಿಸೆಂಬರ್ ಮಧ್ಯಕ್ಕೆ ಮುಗಿದಿರುತ್ತವೆ. ಹಾಗಾಗಿ ಅದಕ್ಕೆಂದು ಬೆಟ್ಟ ಏರಬೇಡಿ.

ಮೇ ಹಾಂಗ್ ಸಾನ್‌ನಲ್ಲಿ ಎರಡು ರಾತ್ರಿ ಇರಲೇಬೇಕು. ಇಲ್ಲಿನವರಲ್ಲಿ, ಗಡಿಯಾಚೆ ಬರ್ಮಾದಲ್ಲೂ ಇರುವ ಶಾನ್ ಜನಾಂಗದವರು ಬಹಳ. ಊರ ನಡುವಿನ ಕೆರೆಯ ದಂಡೆಯಲ್ಲಿ ಅಕ್ಕಪಕ್ಕದಲ್ಲೇ ಇರುವ ಚೋಂಗ್ ಖಾಮ್, ಚೋಂಗ್ ಕ್ಲಾಂಗ್ ದೇವಾಲಯಗಳ ಅಂತಸ್ತಿನ ಮಾಡುಗಳು ಬೆಳಗಿನ ಮಂಜಿನಲ್ಲಿ ನೀರಿಗೆ ಬಿಂಬಿಸುವುದನ್ನು ನನ್ನ ತಂದೆಯವರು ಒಂದು ಗಂಟೆ ಅಲುಗದೆ ಕೂತು ನೋಡಿದರು. ಆರನೆಯ ದಿನ ಅವರಂಥ ಹಿರಿಯರಿಗೆ ಆ ಕೆರೆ ಸಾಕು. ಉತ್ಸಾಹವಿದ್ದರೆ ಬರ್ಮಾ ಗಡಿಯಂಚಿನ ಬಾನ್ ರಕ್ ಥಾಯ್‌ಗೆ ಹೋಗಿಬನ್ನಿ. ಚೀನಾದ ಯುನ್ನಾನ್‌ನಿಂದ ಕಮ್ಯುನಿಸ್ಟರಿಗೆ ಸೋತು ಹಿಮ್ಮೆಟ್ಟಿ ಬಂದ ಕುವೊಮಿಂಟಾಂಗ್ ಪಕ್ಷದ ಸೈನಿಕರ ಕುಟುಂಬಗಳು ನೆಲೆನಿಂತು ಚಹಾ ಬೆಳೆದ ಹಳ್ಳಿಯದು. ಗಡಿಯಾಚೆ 2021ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಕಾದಾಟ ನಡೆದಿರುವುದರಿಂದ ಡಾಂಬರು ರಸ್ತೆ ಬಿಟ್ಟು ಗಡಿಯ ಕಡೆಯ ಮಣ್ಣು ದಾರಿಗಳಿಗೆ ಇಳಿಯಬಾರದು. ದಾರಿಯಲ್ಲಿ ತಪಾಸಣಾ ಠಾಣೆಗಳಿರುತ್ತವೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೊರಡಬೇಡಿ.

ಏಳನೆಯ ದಿನಕ್ಕೆ ಎಲ್ಲರೂ ನೇರ ಪಾಯ್‌ಗೆ ಹೋಗುತ್ತಾರೆ. ನೀವು ನಡುವಿನ ಸೋಪ್ಪೋಂಗ್‌ನಲ್ಲಿ ಇಳಿದುಕೊಳ್ಳಿ, ಸುಮಾರು 65 ಕಿಲೋಮೀಟರಷ್ಟೇ. ಅಲ್ಲಿಗೆ ಹತ್ತಿರದ ಥಾಮ್ ಲೋಡ್ ಗುಹೆಯೊಳಗೆ ಲಾಂಗ್ ಎಂಬ ಹೊಳೆಯೇ ಹರಿದುಹೋಗುತ್ತದೆ. ಹಳ್ಳಿಯ ಹೆಂಗಸರು ಲಾಂದ್ರ ಹಿಡಿದು ಮುಂದೆ ನಡೆಯುತ್ತಾರೆ, ಸ್ವಲ್ಪ ದೂರ ಬಿದಿರಿನ ತೆಪ್ಪದಲ್ಲಿ ಸಾಗಬೇಕು. ಒಳಗೆ ಕಡಿದಾದ ಏಣಿಮೆಟ್ಟಿಲುಗಳಿವೆ, ನಿಮ್ಮ ತಾಯಿಯವರನ್ನು ತೆಪ್ಪದ ಬಳಿಯೇ ಕೂರಿಸಿದರೆ ಒಳ್ಳೆಯದು. ಸಂಜೆ ಹೊಳೆ ಹೊರಬೀಳುವ ಬಾಯಿಯ ಬಳಿ ಕಾದರೆ ಬಾನಾಡಿ (ಸ್ವಿಫ್ಟ್) ಹಕ್ಕಿಗಳು ಸಾವಿರಗಟ್ಟಲೆ ಸುತ್ತುತ್ತಾ ಗೂಡಿಗೆ ಮರಳುತ್ತವೆ; ಆ ಚೀರಾಟ ಬಂಡೆಗೆ ಬಡಿದು ಮರಳುವುದನ್ನು ನಿಮ್ಮ ಮಗಳು ಬಹುಕಾಲ ಮರೆಯಲಾರಳು. ಮುಗಿದ ಮೇಲೆ ಕತ್ತಲಾಗಿರುತ್ತದೆ. ಆದ್ದರಿಂದಲೇ ಅಂದು ಅಲ್ಲೇ ಉಳಿಯಬೇಕೆನ್ನುವುದು. ಎಂಟನೆಯ ದಿನ ಪಾಯ್, ಒಂಬತ್ತನೆಯ ದಿನ ಚಿಯಾಂಗ್ ಮಾಯ್. ಪಾಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರವಾಸಿಗರಿಂದ ಕಿಕ್ಕಿರಿದ ಊರು, ಒಂದು ರಾತ್ರಿ ಸಾಕು.

ಓಡಿಸುವ ರೀತಿಯಲ್ಲಿ ಎರಡು ವ್ಯತ್ಯಾಸಗಳನ್ನು ಗಮನಿಸಿ. ನಾವು ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತೇವೆ. ಅಲ್ಲಿ ಯಾರೂ ಹೊಡೆಯುವುದಿಲ್ಲ, ಎದುರಿನ ವಾಹನ ಸದ್ದಿಲ್ಲದೆ ಬಂದುಬಿಡುತ್ತದೆ. ಹಾಗಾಗಿ ಮಧ್ಯದ ಗೆರೆಯನ್ನು ಒಂದು ಅಂಗುಲವೂ ದಾಟದೆ ಎಡಕ್ಕೇ ಅಂಟಿಕೊಳ್ಳಿ. ಎರಡನೆಯದಾಗಿ, ಪಾಯ್ ಸುತ್ತ ಬಾಡಿಗೆ ಸ್ಕೂಟರ್ ಹಿಡಿದ ಹೊಸಬರು ತಿರುವಿನಲ್ಲಿ ನಿಮ್ಮ ಬದಿಗೇ ನುಗ್ಗುತ್ತಾರೆ. ಸಂಜೆ ಐದರ ನಂತರ ಘಾಟಿಯಲ್ಲಿ ಇರಬೇಡಿ. ಹೊಟ್ಟೆ ತೊಳಸುವವರಿಗೆ ಮುಂದಿನ ಆಸನ, ಖಾಲಿಯೂ ಅಲ್ಲದ ತುಂಬಿಯೂ ಇಲ್ಲದ ಹೊಟ್ಟೆ, ಗಂಟೆಗೊಮ್ಮೆ ಇಳಿದು ನಡೆಯುವುದು ಇವೇ ಮದ್ದು. ಮಾತ್ರೆ ಬೇಕಿದ್ದರೆ ತಾಯಿಯವರ ಬೇರೆ ಔಷಧಗಳೊಡನೆ ಹೊಂದುವುದೇ ಎಂದು ಇಲ್ಲಿಯೇ ವೈದ್ಯರನ್ನು ಕೇಳಿಕೊಳ್ಳಿ. ತುರ್ತಿಗೆ ಪ್ರವಾಸಿ ಪೊಲೀಸ್ 1155, ಆಂಬುಲೆನ್ಸ್ 1669.

ಕಾಗದಪತ್ರಗಳಲ್ಲಿ, ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷಕ್ಕೆ ಮಾತ್ರ ಸಲ್ಲುತ್ತದೆ, ಮೂಲ ಡಿಎಲ್ ಕೂಡ ಜೊತೆಯಲ್ಲಿರಬೇಕು. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರೆಲ್ಲರೂ ಆಗಮನಕ್ಕೆ ಹಿಂದಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಕಾರಿಗೆ, ನಿಮ್ಮ ಕಾರಿನ ಹಾನಿಯನ್ನೂ ಭರಿಸುವ ಫಸ್ಟ್ ಕ್ಲಾಸ್ ವಿಮೆಯನ್ನೇ ಕೇಳಿ, ಅಪಘಾತವಾದರೆ ನಿಮ್ಮ ಕೈಯಿಂದ ಎಷ್ಟು ಕಟ್ಟಬೇಕೆಂಬುದನ್ನು ಬರಹದಲ್ಲಿ ಪಡೆಯಿರಿ. ನಾಲ್ವರು ಮತ್ತು ಪೆಟ್ಟಿಗೆಗಳಿಗೆ 1.2 ಲೀಟರಿನ ಸಣ್ಣ ಕಾರು ಏರಿನಲ್ಲಿ ಏದುಸಿರು ಬಿಡುತ್ತದೆ, 1.5 ಲೀಟರಿನದಾದರೆ ನೆಮ್ಮದಿ.

ಸಸ್ಯಾಹಾರಿಗಳೆಂದು ಬರೆದಿದ್ದೀರಿ. 'ಜೇ' ಎಂಬ ಒಂದು ಪದ ಕಲಿಯಿರಿ. ಮೊಟ್ಟೆ, ಮೀನು, ಮಾಂಸ ಯಾವುದೂ ಇಲ್ಲದ ಊಟಕ್ಕೆ ಆ ಹೆಸರು, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ, ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಬೇರೆಡೆ ಬರಿ ತರಕಾರಿ ಎಂದರೂ 'ನಾಮ್ ಪ್ಲಾ' ಎಂಬ ಮೀನಿನ ರಸ ಬಿದ್ದೇ ಇರುತ್ತದೆ. ಮೇ ಹಾಂಗ್ ಸಾನ್‌ನ ಬೆಳಗಿನ ಸಂತೆಯಲ್ಲಿ ಶಾನ್ ಜನ ಕಡಲೆ ಹಿಟ್ಟನ್ನು ಕುದಿಸಿ ಗಟ್ಟಿಯಾಗಿಸಿ ಮಾಡುವ ತೋಫು ಸಿಗುತ್ತದೆ. ಮೇಲೆ ಏನೂ ಹಾಕಿಸದೆ ಬಿಸಿಯಾಗಿ ತಿಂದಾಗ ನಮ್ಮ ಉತ್ತರ ಕರ್ನಾಟಕದ ಜುಣಕ ನೆನಪಾಯಿತೆಂದು ತಂದೆಯವರು ಎರಡನೆಯ ಬಟ್ಟಲು ಕೇಳಿದರು. ಆದರೂ ಅವಲಕ್ಕಿ, ಚಟ್ನಿಪುಡಿ ಕಾರಿನಲ್ಲಿರಲಿ.

ಡಿಸೆಂಬರ್ ಆರಿಸಿಕೊಂಡದ್ದು ಸರಿಯಾಗಿದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಕಣಿವೆಗಳಲ್ಲಿ ಹೊಗೆ ತುಂಬುವುದರಿಂದ ಹಿರಿಯರನ್ನು ಆಗ ಕರೆದೊಯ್ಯಲೇಬಾರದು. ಡಿಸೆಂಬರಿನಲ್ಲೂ 5 ಮತ್ತು 10ನೆಯ ತಾರೀಕಿನ ರಜೆಗಳನ್ನೂ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನೂ ಬಿಟ್ಟು, 11ರಿಂದ 22ರ ನಡುವೆ ಬರುವಂತೆ ನೋಡಿಕೊಳ್ಳಿ. ಬಿಡಿ ಎಂದ ಆ ರಜೆಗಳಲ್ಲಿ ಥಾಯ್ ಜನರೇ ಚಳಿ ನೋಡಲು ಇಂಥನಾನ್‌ಗೆ ಮುಗಿಬೀಳುತ್ತಾರೆ. ವಿಮಾನದ ಟಿಕೆಟ್ ಆದ ಕೂಡಲೇ ಇಂಥನಾನ್ ಮತ್ತು ಸೋಪ್ಪೋಂಗ್‌ನ ಕೋಣೆಗಳನ್ನು ಕಾದಿರಿಸಿ, ಅಲ್ಲಿ ಕೋಣೆಗಳೇ ಕಡಿಮೆ. ಉಳಿದ ಊರುಗಳದ್ದನ್ನು ಆಮೇಲೆ ಮಾಡಿದರೂ ನಡೆಯುತ್ತದೆ.