ಮೇಲಿನ ಹೆಸರು ಬೇಡವಾದಾಗ ಕೆಳಗಿನವರ ಗತಿ

ಹುಬ್ಬಳ್ಳಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಅಣ್ಣನ ಮಗ ಮಿಷಿಗನ್‌ನಲ್ಲಿದ್ದಾನೆ, ಈಗ ಅಮೆರಿಕದ ಪ್ರಜೆ, ಡೆಮಾಕ್ರಟಿಕ್ ಪಕ್ಷದ ಕಡೆಯವನು. 2016ರಲ್ಲಿ ಹಿಲರಿ ಕ್ಲಿಂಟನ್ ಬೇಡ ಅಂತ ಅವನು ಮತಗಟ್ಟೆಯ ಕಡೆ ತಲೆಯನ್ನೇ ಹಾಕಲಿಲ್ಲವಂತೆ. "ಅಧ್ಯಕ್ಷ ಅಭ್ಯರ್ಥಿ ಇಷ್ಟವಿಲ್ಲ ಅಂದರೆ ಪಕ್ಷದವರು ನಿಜವಾಗಿಯೂ ಮನೆಯಲ್ಲೇ ಕೂರುತ್ತಾರಾ, ಇಲ್ಲಾ ಇದು ಸೋತವರು ಹೇಳುವ ನೆಪವಾ?" ಎಂಬುದು ಅವರ ಪ್ರಶ್ನೆ.

ಕೂರುತ್ತಾರೆ ಸರ್. ಎಲ್ಲರೂ ಅಲ್ಲ, ಆದರೆ ಫಲಿತಾಂಶ ತಿರುಗಿಸುವಷ್ಟು ಜನ ಕೂರುತ್ತಾರೆ. ವಿಸ್ಕಾನ್ಸಿನ್ ರಾಜ್ಯವನ್ನೇ ನೋಡಿ. 2016ರಲ್ಲಿ ಅಲ್ಲಿ ಗೆದ್ದ ಟ್ರಂಪ್‌ಗೆ ಬಿದ್ದ ಓಟು, 2012ರಲ್ಲಿ ಅಲ್ಲೇ ಸೋತಿದ್ದ ಅದೇ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿಯ ಓಟಿಗಿಂತ ಒಂಚೂರು ಕಡಿಮೆ! ಒಬಾಮಾಗೆ 2012ರಲ್ಲಿ 16 ಲಕ್ಷ 20 ಸಾವಿರ ಓಟು ಬಿದ್ದಿದ್ದರೆ ಕ್ಲಿಂಟನ್‌ಗೆ ಬಿದ್ದದ್ದು 13 ಲಕ್ಷ 82 ಸಾವಿರ. ಸೋತ ಅಂತರ 23 ಸಾವಿರಕ್ಕೂ ಕಡಿಮೆ. ಕಾಣೆಯಾದ ಆ ಓಟುಗಳಲ್ಲಿ ಕೆಲವು ಟ್ರಂಪ್‌ಗೆ ಹೋದವು, ಕೆಲವು ಸಣ್ಣ ಪಕ್ಷಗಳಿಗೆ. ಆದರೆ ಡೆಮಾಕ್ರಟರ ಭದ್ರಕೋಟೆಯಾದ ಮಿಲ್ವಾಕೀ ನಗರವೊಂದರಲ್ಲೇ ಹಿಂದಿನ ಸಲಕ್ಕಿಂತ ಸುಮಾರು 41 ಸಾವಿರ ಓಟು ಕಡಿಮೆ ಬಿತ್ತು. ಫೋಟೋ ಇರುವ ಗುರುತಿನ ಚೀಟಿ ತೋರಿಸಲೇಬೇಕು ಎಂಬ ಕಾನೂನು ಅಲ್ಲಿ ಅಧ್ಯಕ್ಷ ಚುನಾವಣೆಗೆ ಮೊದಲ ಸಲ ಜಾರಿಯಾಗಿತ್ತು, ಅದರ ಪಾಲೂ ಇದೆ. ಎಲ್ಲವನ್ನೂ ಅಭ್ಯರ್ಥಿಯ ತಲೆಗೆ ಕಟ್ಟುವುದು ಸರಿಯಲ್ಲ.

ಹಾಗಾದರೆ ಟ್ರಂಪ್ ಎಲ್ಲರಿಗೂ ಇಷ್ಟವಾಗಿದ್ದರಾ? ಇಲ್ಲವೇ ಇಲ್ಲ. ಆ ವರ್ಷ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚದವರು ಕ್ಲಿಂಟನ್ ಅವರನ್ನು ಮೆಚ್ಚದವರಿಗಿಂತ ಜಾಸ್ತಿ ಇದ್ದರು. ವ್ಯತ್ಯಾಸ ಇರುವುದು ಬೇರೆ ಕಡೆ. ಅಲ್ಲಿ ಒಂದೇ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ಸೆನೆಟರ್, ಶಾಸಕ, ಕೌಂಟಿಯ ಅಧಿಕಾರಿಯವರೆಗೆ ಎಲ್ಲರ ಹೆಸರೂ ಇರುತ್ತದೆ. ಮೇಲಿನ ಸಾಲು ಖಾಲಿ ಬಿಟ್ಟು ಕೆಳಗಿನದಕ್ಕೆ ಮಾತ್ರ ಗುರುತು ಹಾಕಬಹುದು. ವಿಸ್ಕಾನ್ಸಿನ್‌ನಲ್ಲಿ ಸೆನೆಟ್‌ಗೆ ನಿಂತಿದ್ದ ರಿಪಬ್ಲಿಕನ್ ರಾನ್ ಜಾನ್ಸನ್‌ಗೆ ಟ್ರಂಪ್‌ಗಿಂತ ಸುಮಾರು 74 ಸಾವಿರ ಓಟು ಜಾಸ್ತಿ ಬಿತ್ತು. ಅಂದರೆ ಟ್ರಂಪ್ ಬೇಡ ಅಂದ ಎಷ್ಟೋ ರಿಪಬ್ಲಿಕನ್ನರು ಮನೆಯಲ್ಲಿ ಕೂರಲಿಲ್ಲ, ಬಂದು ಜಾನ್ಸನ್‌ರನ್ನು ಉಳಿಸಿಕೊಂಡರು. ಜಾನ್ಸನ್‌ರ ಎದುರಾಳಿ, ಡೆಮಾಕ್ರಟ್ ರಸ್ ಫೈನ್‌ಗೋಲ್ಡ್‌ಗೆ ಬಿದ್ದದ್ದು ಹೆಚ್ಚುಕಮ್ಮಿ ಕ್ಲಿಂಟನ್‌ಗೆ ಬಿದ್ದಷ್ಟೇ. ಕ್ಲಿಂಟನ್ ಮೇಲಿನ ಸಿಟ್ಟಿಗೆ ಬಾರದೇ ಉಳಿದವರು ತಮಗೇ ಗೊತ್ತಿಲ್ಲದೆ ಫೈನ್‌ಗೋಲ್ಡ್‌ರನ್ನೂ ಕೈಬಿಟ್ಟರು ಅಂತಲೇ ನಾನು ಓದುತ್ತೇನೆ, ಆ ಮನುಷ್ಯ ಏನು ತಪ್ಪು ಮಾಡಿದ್ದರು?

ಇನ್ನೂ ಕೆಟ್ಟದಾಗಿ ನಡೆದದ್ದು 1980ರಲ್ಲಿ. ಮತ್ತೆ ಕಣಕ್ಕಿಳಿದಿದ್ದ ಡೆಮಾಕ್ರಟಿಕ್ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜನಪ್ರಿಯತೆ ನೆಲಕಚ್ಚಿತ್ತು. ಹಣದುಬ್ಬರ, ಇರಾನ್‌ನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರು, ಎಲ್ಲವೂ ಸೇರಿ. ಸೋಲು ಖಚಿತವಾದ ಕೂಡಲೇ ಅವರು ಸೋಲು ಒಪ್ಪಿಕೊಂಡು ಭಾಷಣ ಮಾಡಿಬಿಟ್ಟರು, ಆಗ ಗಡಿಯಾರ ಹಿಂದಿರುವ ಪಶ್ಚಿಮ ಕರಾವಳಿಯಲ್ಲಿ ಮತಗಟ್ಟೆ ಮುಚ್ಚಲು ಇನ್ನೂ ಒಂದು ಗಂಟೆಗಿಂತ ಜಾಸ್ತಿ ಇತ್ತು. ಇನ್ನು ಹೋಗಿ ಏನು ಪ್ರಯೋಜನ ಅಂತ ಅಲ್ಲಿನ ಡೆಮಾಕ್ರಟರು ವಾಪಸ್ಸಾದರು ಎಂದು ಪಕ್ಷದವರೇ ಕೆಂಡಾಮಂಡಲವಾದರು. ಕ್ಯಾಲಿಫೋರ್ನಿಯಾದ ಡೆಮಾಕ್ರಟಿಕ್ ಸಂಸದ ಜೇಮ್ಸ್ ಕಾರ್ಮನ್ ಸೋತದ್ದು ಸಾವಿರಕ್ಕೂ ಕಡಿಮೆ ಓಟಿನಿಂದ. ಒರೆಗಾನ್‌ನ ಆಲ್ ಅಲ್ಮನ್, ಸಂಸತ್ತಿನಲ್ಲಿ ತೆರಿಗೆ ಸಮಿತಿಯ ಅಧ್ಯಕ್ಷರಾಗಿದ್ದವರು, ಅವರೂ ಸೋತರು.

ಹಾಗಂತ ಮೇಲಿನವರು ಮುಳುಗಿದರೆ ಕೆಳಗಿನವರೂ ಮುಳುಗಲೇಬೇಕು ಅಂತಿಲ್ಲ. 1972ರಲ್ಲಿ ಡೆಮಾಕ್ರಟರ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರೂ ಸಂಸತ್ತಿನ ಎರಡೂ ಮನೆ ಡೆಮಾಕ್ರಟರ ಕೈಯಲ್ಲೇ ಉಳಿದವು. ಆಗ ಜನ ಮೇಲೊಂದು ಪಕ್ಷ, ಕೆಳಗೊಂದು ಪಕ್ಷ ಅಂತ ಓಟು ಹಂಚುತ್ತಿದ್ದರು. ಈಗ ಅದು ತೀರಾ ಕಮ್ಮಿ. 2016ರಲ್ಲಿ ಸೆನೆಟ್ ಚುನಾವಣೆ ನಡೆದ ಪ್ರತಿ ರಾಜ್ಯದಲ್ಲೂ ಅಧ್ಯಕ್ಷ ಸ್ಥಾನಕ್ಕೆ ಗೆದ್ದ ಪಕ್ಷವೇ ಸೆನೆಟ್ ಸ್ಥಾನವನ್ನೂ ಗೆದ್ದಿತು. ಅದಕ್ಕೇ 2024ರಲ್ಲಿ ಬೈಡನ್ ಕಣದಿಂದ ಸರಿಯಲಿ ಅಂತ ಅವರ ಪಕ್ಷದ ಸಂಸದರೇ ಒಬ್ಬೊಬ್ಬರಾಗಿ ಕೇಳಿದ್ದು. ಅವರಿಗಿದ್ದ ಭಯ ಶ್ವೇತಭವನದ್ದು ಮಾತ್ರ ಅಲ್ಲ, ತಮ್ಮ ಕುರ್ಚಿಯದೂ ಹೌದು.

ಇನ್ನೊಂದು ಮಾತು. ಜನಕ್ಕೆ ಬೇಡವಾದ ಅಭ್ಯರ್ಥಿ ತನ್ನವರನ್ನು ಮನೆಯಲ್ಲಿ ಕೂರಿಸುವುದಕ್ಕಿಂತ ಎದುರಿನವರನ್ನು ಎಬ್ಬಿಸುವುದೇ ಜಾಸ್ತಿ ಆಗಬಹುದು. 2020ರಲ್ಲಿ ಟ್ರಂಪ್ ಎದುರು ಬೈಡನ್‌ಗೆ 8 ಕೋಟಿಗೂ ಮೀರಿ ಓಟು ಬಿದ್ದದ್ದು ಬೈಡನ್ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ, ಅಲ್ವಾ?

ಸೋತ ಪಕ್ಷಗಳು ಬಾರದ ಮತದಾರನನ್ನು ಬೈಯುವುದು ನನಗೆ ಹಿಡಿಸುವುದಿಲ್ಲ. ಕ್ಲಿಂಟನ್ ಪಕ್ಷದ ಅಭ್ಯರ್ಥಿಯಾದ ಮೇಲೆ ವಿಸ್ಕಾನ್ಸಿನ್‌ಗೆ ಪ್ರಚಾರಕ್ಕೆ ಒಂದು ಸಲವೂ ಹೋಗಲಿಲ್ಲ. ಬಾಗಿಲು ತಟ್ಟದವರು ಬಾಗಿಲು ತೆರೆಯಲಿಲ್ಲ ಅಂತ ದೂರಬಾರದು.

ಆದರೆ ನಿಮ್ಮ ಅಣ್ಣನ ಮಗನಿಗೆ ಇಷ್ಟು ಹೇಳಿ. 2016ರಲ್ಲಿ ಮಿಷಿಗನ್‌ನಲ್ಲಿ ಕ್ಲಿಂಟನ್ ಸೋತದ್ದು 10,704 ಓಟಿನಿಂದ. ಅದೇ ರಾಜ್ಯದಲ್ಲಿ ಮತಗಟ್ಟೆಗೆ ಬಂದು ಅಧ್ಯಕ್ಷರ ಸಾಲನ್ನು ಖಾಲಿ ಬಿಟ್ಟವರು ಸುಮಾರು 75 ಸಾವಿರ. ಯಾರೂ ಬೇಡ ಅನ್ನುವವನು ಆ 75 ಸಾವಿರದಲ್ಲಿ ಒಬ್ಬನಾಗಬಹುದಿತ್ತು. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನೂ, ಮಿಷಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯನ್ನೂ ಜನರೇ ಆರಿಸುತ್ತಾರೆ, ಅದೇ ದಿನ, ಅದೇ ಮತಪತ್ರದಲ್ಲಿ. ಮುಂದಿನ ಸಲ ಮೇಲಿನ ಸಾಲು ಬೇಕಾದರೆ ಬಿಡಲಿ, ಕೆಳಗಿನವುಗಳಿಗಾದರೂ ಹೋಗಿ ಓಟು ಹಾಕಲಿ.