ಬಿಟ್ಟುಹೋದ ಗಿರಾಕಿಯನ್ನು ಮರಳಿ ಕರೆತರುವುದು ಹೇಗೆ?

ಓದುಗರ ಪ್ರಶ್ನೆ: ವ್ಯಾಪಾರ–ವಹಿವಾಟು

ಪ್ರಶ್ನೆ: ಅಮೆರಿಕದ ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ ನಮ್ಮ ಸಂಸಾರ ಬಹಳ ವರ್ಷಗಳಿಂದ ನೆಲೆಸಿದೆ. ಜೆಸಿ ಪೆನ್ನಿ ಎಂಬ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಸರಣಿಯ ಕೇಂದ್ರ ಕಚೇರಿ ಇರುವುದು ಇದೇ ಊರಿನಲ್ಲಿ. ಒಂದು ಕಾಲಕ್ಕೆ ಜನರಿಂದ ತುಂಬಿರುತ್ತಿದ್ದ ಈ ಬಗೆಯ ಮಳಿಗೆಗಳು ಈಗ ಒಂದೊಂದಾಗಿ ಮುಚ್ಚುತ್ತಿವೆ. ಕಳೆದುಕೊಂಡ ಗಿರಾಕಿಗಳನ್ನು ಇಂಥ ಮಳಿಗೆ ಮತ್ತೆ ಸಂಪಾದಿಸುವುದು ಸಾಧ್ಯವೇ?
— ಓದುಗರೊಬ್ಬರು, ಪ್ಲೇನೊ, ಟೆಕ್ಸಸ್

ಉತ್ತರ: ಸಾಧ್ಯವೆಂದೇ ನಾನು ನಂಬಿದ್ದೇನೆ. ಆದರೆ ಗಿರಾಕಿ ಏಕೆ ಹೋದರು ಎಂಬುದನ್ನು ಮಳಿಗೆಯವರು ಮೊದಲು ಸರಿಯಾಗಿ ಅರಿಯಬೇಕು. ಜೆಸಿ ಪೆನ್ನಿಯ ಚರಿತ್ರೆಯಲ್ಲಿ ಅದಕ್ಕೆ ಉತ್ತರ ಹೇಳುವ ಒಂದು ವರ್ಷವಿದೆ, ಅದು 2012.

ವಯೋಮಿಂಗ್ ರಾಜ್ಯದ ಕೆಮ್ಮರರ್ ಎಂಬ ಗಣಿಗಾರಿಕೆಯ ಊರಿನಲ್ಲಿ ಜೇಮ್ಸ್ ಕ್ಯಾಶ್ ಪೆನ್ನಿ 1902ರಲ್ಲಿ ಆರಂಭಿಸಿದ ಅಂಗಡಿ ನೂರು ವರ್ಷಗಳಲ್ಲಿ ದೇಶದ ಮಧ್ಯಮ ವರ್ಗದ ಮನೆಗಳಿಗೆ ಬಟ್ಟೆ, ಹಾಸಿಗೆ ಹೊದಿಕೆ, ಪರದೆ, ಪಾತ್ರೆಪಗಡಗಳನ್ನು ಒದಗಿಸುವ ದೊಡ್ಡ ಸರಣಿಯಾಗಿ ಬೆಳೆದಿತ್ತು. ಆ್ಯಪಲ್ ಕಂಪನಿಯ ಮಳಿಗೆಗಳನ್ನು ಕಟ್ಟಿ ಹೆಸರಾಗಿದ್ದ ರಾನ್ ಜಾನ್ಸನ್ 2011ರ ನವೆಂಬರ್‌ನಲ್ಲಿ ಅದರ ಮುಖ್ಯಸ್ಥರಾದರು. ಕಂಪನಿ ಒಂದೇ ವರ್ಷದಲ್ಲಿ 590 ಬಗೆಯ ರಿಯಾಯಿತಿ ಮಾರಾಟಗಳನ್ನು ನಡೆಸಿತ್ತು. ಮಾರಾಟವಾದ ಸರಕಿನಲ್ಲಿ ಮುಕ್ಕಾಲು ಪಾಲಿಗೆ ಸಮೀಪದಷ್ಟು ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಹೋಗುತ್ತಿತ್ತು. ಚೀಟಿಯಲ್ಲಿ ಬರೆದ ಬೆಲೆಯನ್ನು ಯಾರೂ ಕೊಡದಿರುವಾಗ ಅದನ್ನು ಬರೆಯುವುದಾದರೂ ಏಕೆ ಎಂಬುದು ಜಾನ್ಸನ್ ಅವರ ವಾದ. ಅದರಂತೆ 2012ರ ಫೆಬ್ರುವರಿ 1ರಿಂದ ಕೂಪನ್‌ಗಳು ಹೋದವು, ವಾರವಾರದ ರಿಯಾಯಿತಿಗಳು ಹೋದವು, ಎಲ್ಲ ದಿನಗಳಲ್ಲೂ ಒಂದೇ ಆಗಿರುವ ಕಡಿಮೆ ದರ ಬಂತು.

ಲೆಕ್ಕದ ಪ್ರಕಾರ ಇದರಲ್ಲಿ ಗಿರಾಕಿಗೆ ನಷ್ಟವೇನೂ ಇರಲಿಲ್ಲ. ಆದರೂ ಒಂದೇ ವರ್ಷದಲ್ಲಿ ಮಾರಾಟವು ಸುಮಾರು 1,726 ಕೋಟಿ ಡಾಲರ್‌ಗಳಿಂದ 1,300 ಕೋಟಿ ಡಾಲರ್‌ಗಳಿಗೆ, ಅಂದರೆ ಕಾಲು ಭಾಗದಷ್ಟು ಕುಸಿಯಿತು, ನಷ್ಟ 98.5 ಕೋಟಿ ಡಾಲರ್‌ಗೆ ಮುಟ್ಟಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹುದ್ದೆ ಬಿಡಬೇಕಾಯಿತು. ಮರುತಿಂಗಳೇ ಕಂಪನಿಯು ಟಿ.ವಿ. ಜಾಹೀರಾತಿನಲ್ಲಿ, ತಾನು ಮಾಡಿದ ಕೆಲವು ಬದಲಾವಣೆಗಳು ಗಿರಾಕಿಗಳಿಗೆ ಹಿಡಿಸಲಿಲ್ಲವೆಂದು ಒಪ್ಪಿಕೊಂಡು, ಮರಳಿ ಬನ್ನಿ ಎಂದು ಕೇಳಿಕೊಂಡಿತು.

ಈ ಸೋಲನ್ನು ಅನೇಕರು ಗಿರಾಕಿಗಳ ಮೌಢ್ಯಕ್ಕೆ ಸಾಕ್ಷಿಯೆಂಬಂತೆ ವಿವರಿಸುತ್ತಾರೆ: ಜನರಿಗೆ ಪ್ರಾಮಾಣಿಕ ಬೆಲೆ ಬೇಡ, ಸುಳ್ಳು ರಿಯಾಯಿತಿಯೇ ಬೇಕು ಎಂದು. ಇದನ್ನು ನಾನು ಒಪ್ಪುವುದಿಲ್ಲ. ಮನೆಯ ಖರ್ಚನ್ನು ತೂಗಿಸುವ ಗೃಹಿಣಿಯೊಬ್ಬರು ಭಾನುವಾರದ ಪತ್ರಿಕೆಯಿಂದ ಕೂಪನ್ ಕತ್ತರಿಸಿ, ಪರ್ಸಿನಲ್ಲಿಟ್ಟುಕೊಂಡು, ಮಕ್ಕಳ ಶಾಲೆ ಆರಂಭವಾಗುವ ವಾರದವರೆಗೆ ಕಾದು, ಕೌಂಟರಿನಲ್ಲಿ ಅದನ್ನು ಕೊಟ್ಟಾಗ ಬಿಲ್ಲಿನ ಕೊನೆಯಲ್ಲಿ ಇಷ್ಟು ಡಾಲರ್ ಉಳಿತಾಯವಾಯಿತೆಂದು ಅಚ್ಚಾಗಿ ಬರುತ್ತದೆ. ಆ ಸಾಲು ಅವರ ಜಾಣತನಕ್ಕೂ ತಾಳ್ಮೆಗೂ ಸಿಕ್ಕ ಫಲ. ಅಂಗಡಿ ಅದನ್ನು ಒಂದು ಬೆಳಿಗ್ಗೆ ಕಿತ್ತುಕೊಂಡಿತು. ಹೊಸ ದರಪದ್ಧತಿಯನ್ನು ನಾಲ್ಕು ಊರುಗಳಲ್ಲಿ ಪರೀಕ್ಷಿಸಿ ನೋಡದೆ ದೇಶದ ಎಲ್ಲ ಮಳಿಗೆಗಳಲ್ಲಿ ಒಮ್ಮೆಗೇ ತಂದದ್ದು, ಮಧ್ಯವಯಸ್ಸಿನವರು ನೆಚ್ಚಿಕೊಂಡಿದ್ದ ಸೇಂಟ್ ಜಾನ್ಸ್ ಬೇ ಹೆಸರಿನ ಸ್ವಂತ ಉಡುಪುಗಳನ್ನು ಬದಿಗೆ ಸರಿಸಿದ್ದು, ಎಳೆಯ ವಯಸ್ಸಿನ, ಹೆಚ್ಚು ಹಣವುಳ್ಳ ಗಿರಾಕಿಗಳಿಗಾಗಿ ಮಳಿಗೆಯನ್ನು ಮಾರ್ಪಡಿಸತೊಡಗಿದ್ದು, ಇವೆಲ್ಲ ಹಳೆಯ ಗಿರಾಕಿಗೆ ಒಂದೇ ಸಂದೇಶವನ್ನು ಕೊಟ್ಟವು: ಈ ಅಂಗಡಿ ಇನ್ನು ನಿಮ್ಮದಲ್ಲ. ಹೊಸಬರು ಬರಲಿಲ್ಲ, ಹಳಬರು ಉಳಿಯಲಿಲ್ಲ.

ಆದ್ದರಿಂದ, ಬಿಟ್ಟುಹೋದವರನ್ನು ಕರೆತರುವ ಕೆಲಸವು ಬಿಟ್ಟುಹೋಗದೆ ಉಳಿದಿರುವವರಿಂದ ಆರಂಭವಾಗಬೇಕು ಎಂಬುದು ನನ್ನ ನಿಲುವು. ಈಗಲೂ ಬರುತ್ತಿರುವವರು ಯಾವುದಕ್ಕಾಗಿ ಬರುತ್ತಾರೆ ಎಂಬುದನ್ನು ವಿಭಾಗ ವಿಭಾಗವಾಗಿ ನೋಡಬೇಕು. ದಪ್ಪ ಮೈಯವರಿಗೆ, ಎತ್ತರದವರಿಗೆ ಹೊಂದುವ ಅಳತೆಗಳು, ಅಂಗಡಿಯೊಳಗಿನ ಕ್ಷೌರ–ಕೇಶಾಲಂಕಾರದ ಸಲೂನ್, ಕಿಟಕಿಯ ಅಳತೆಗೆ ಹೊಲಿಸಿಕೊಡುವ ಪರದೆಗಳು ಜೆಸಿ ಪೆನ್ನಿಗೆ ಜನರನ್ನು ತರುತ್ತಿದ್ದ ಸಂಗತಿಗಳು. ಇವುಗಳಲ್ಲಿ ಒಂದೊಂದೂ ಗಿರಾಕಿಯು ಖುದ್ದಾಗಿ ಬರಲೇಬೇಕಾದ ಕಾರಣ.

ಕಂಪನಿಯ ಮುಂದಿನ ದಾರಿ ಸುಗಮವಾಗಿರಲಿಲ್ಲ. ಹಳೆಯ ಸಾಲದ ಭಾರದ ಮೇಲೆ ಕೊರೊನಾ ಕಾಲದ ಬೀಗಮುದ್ರೆಯೂ ಸೇರಿ 2020ರ ಮೇ ತಿಂಗಳಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿತು. ಮಾಲ್‌ಗಳ ಒಡೆತನವಿರುವ ಸೈಮನ್ ಮತ್ತು ಬ್ರೂಕ್‌ಫೀಲ್ಡ್ ಕಂಪನಿಗಳು ಅದೇ ವರ್ಷದ ಕೊನೆಯಲ್ಲಿ ಅದನ್ನು ಕೊಂಡವು. ಸುಮಾರು 850 ಮಳಿಗೆಗಳಿದ್ದುದು ಈಗ 650ರ ಆಸುಪಾಸಿಗೆ ಇಳಿದಿವೆ. 2023ರಲ್ಲಿ ಮಳಿಗೆಗಳ ಸುಧಾರಣೆಗೆ ಮತ್ತು ಆನ್‌ಲೈನ್ ವ್ಯವಸ್ಥೆಗೆ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಅದು ಪ್ರಕಟಿಸಿತು, ದುಡಿಯುವ ಕುಟುಂಬಗಳೇ ತನ್ನ ಗಿರಾಕಿಗಳೆಂದು ಮತ್ತೆ ಹೇಳತೊಡಗಿತು. 2025ರ ಜನವರಿಯಲ್ಲಿ ಇನ್ನೂ ಕೆಲವು ಉಡುಪು ಕಂಪನಿಗಳೊಡನೆ ಸೇರಿ ಕ್ಯಾಟಲಿಸ್ಟ್ ಬ್ರ್ಯಾಂಡ್ಸ್ ಎಂಬ ಸಂಸ್ಥೆಯ ಅಂಗವಾಯಿತು. ಗಿರಾಕಿ ಯಾರೆಂಬುದರಲ್ಲಿ ಗೊಂದಲ ನೀಗಿದೆ ಎಂಬುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವ ಒಳ್ಳೆಯ ಸೂಚನೆ.

ಪ್ರಶ್ನೆ: ಆನ್‌ಲೈನ್ ವ್ಯಾಪಾರ ಬಂದ ಮೇಲೆ ದೊಡ್ಡ ಮಳಿಗೆಗಳ ಕಾಲ ಮುಗಿಯಿತು ಎನ್ನುತ್ತಾರಲ್ಲ, ಮತ್ತೇಕೆ ಈ ಪ್ರಯತ್ನ?
— ವಿದ್ಯಾರ್ಥಿನಿ, ವಾಣಿಜ್ಯ ಪದವಿ, ಧಾರವಾಡ

ಉತ್ತರ: ಅಮೆರಿಕದಲ್ಲಿ 2024ರಲ್ಲಿ ನಡೆದ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಶೇ 16ರಷ್ಟು. ಉಳಿದದ್ದು ಇಂದಿಗೂ ಅಂಗಡಿಗಳಲ್ಲೇ ನಡೆಯುತ್ತದೆ. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಗಿರಾಕಿಗಳನ್ನು ಸೆಳೆದವರಲ್ಲಿ ವಾಲ್‌ಮಾರ್ಟ್, ಟಾರ್ಗೆಟ್‌ಗಳಿವೆ. ಹೆಸರಾಂತ ಕಂಪನಿಗಳ ಉಳಿಕೆ ಸರಕನ್ನು ಅಗ್ಗವಾಗಿ ಮಾರುವ ಟಿ.ಜೆ. ಮ್ಯಾಕ್ಸ್‌ನಂಥ ಮಳಿಗೆಗಳಿವೆ. ಟಿ.ಜೆ. ಮ್ಯಾಕ್ಸ್‌ನ ಒಡೆತನದ ಕಂಪನಿ 2024ರ ಫೆಬ್ರುವರಿಗೆ ಮುಗಿದ ಲೆಕ್ಕ ವರ್ಷದಲ್ಲಿ 5,400 ಕೋಟಿ ಡಾಲರ್‌ಗಿಂತ ಹೆಚ್ಚಿನ ವ್ಯಾಪಾರ ಮಾಡಿತು, ಅದರಲ್ಲಿ ಬಹುಪಾಲು ಅಂಗಡಿಗಳಲ್ಲೇ ನಡೆದದ್ದು. ಕೈಯಲ್ಲಿ ಮುಟ್ಟಿ ನೋಡಿ ಕೊಳ್ಳುವ ಆಸೆ ಜನರಲ್ಲಿ ಕುಂದಿಲ್ಲ. ಸಿಯರ್ಸ್ ಸರಣಿ 2018ರ ಅಕ್ಟೋಬರ್‌ನಲ್ಲಿ ದಿವಾಳಿಯೆದ್ದದ್ದನ್ನೂ ಆನ್‌ಲೈನ್ ತಲೆಗೆ ಕಟ್ಟುವುದುಂಟು. ಆದರೆ ಆ ಕಂಪನಿ ಅದಕ್ಕೂ ಮೊದಲು ಹಲವು ವರ್ಷ ಮಳಿಗೆಗಳ ದುರಸ್ತಿಗೆ ಹಣ ಹಾಕದೆ, ತನ್ನದೇ ಷೇರುಗಳ ಮರುಖರೀದಿಗೆ ನೂರಾರು ಕೋಟಿ ಡಾಲರ್ ಸುರಿದಿತ್ತು. ಉಪಕರಣಗಳಿಗೆ ಮನೆಮಾತಾಗಿದ್ದ ಕ್ರಾಫ್ಟ್ಸ್‌ಮನ್ ಹೆಸರನ್ನೂ 2017ರಲ್ಲಿ ಮಾರಿಬಿಟ್ಟಿತು. ಗಿರಾಕಿ ಅಲ್ಲಿಗೆ ಏಕೆ ಹೋಗಬೇಕಿತ್ತು?

ಪ್ರಶ್ನೆ: ನಮ್ಮದು ಮೂರು ಅಂತಸ್ತಿನ ಮಳಿಗೆ: ಕೆಳಗೆ ಪಾತ್ರೆ ಮತ್ತು ಗೃಹಬಳಕೆ ವಸ್ತು, ಮೇಲೆ ಸೀರೆ, ಸಿದ್ಧ ಉಡುಪು. ತಂದೆಯವರ ಕಾಲದಿಂದ ನಡೆದುಬಂದಿದೆ. ಹೊರವಲಯದಲ್ಲಿ ಮಾಲ್ ಬಂದ ಮೇಲೆ ವ್ಯಾಪಾರ ಇಳಿದಿದೆ. ಆಷಾಢದ ರಿಯಾಯಿತಿಯನ್ನು ನಿಲ್ಲಿಸಿ ವರ್ಷವಿಡೀ ಒಂದೇ ದರ ಇಡೋಣವೆಂದು ಮಗ ಹೇಳುತ್ತಾನೆ. ಒಳಾಂಗಣವನ್ನೂ ಹೊಸದು ಮಾಡಿಸಬೇಕಂತೆ. ತಮ್ಮ ಸಲಹೆಯೇನು?
— ವ್ಯಾಪಾರಿಯೊಬ್ಬರು, ಶಿವಮೊಗ್ಗ

ಉತ್ತರ: ಆಷಾಢದ ರಿಯಾಯಿತಿಯನ್ನು ದಯವಿಟ್ಟು ನಿಲ್ಲಿಸಬೇಡಿ. ಮೇಲೆ ಹೇಳಿದ ಜೆಸಿ ಪೆನ್ನಿಯ ಪ್ರಸಂಗವನ್ನು ನಿಮ್ಮ ಮಗನೂ ಓದಲಿ. ಮದುವೆ ಮುಹೂರ್ತಗಳಿಲ್ಲದ ಆ ತಿಂಗಳಿನಲ್ಲಿ ಸರಕು ಕರಗಿಸಿಕೊಳ್ಳುವುದು ವ್ಯಾಪಾರಿಗೂ ಅನುಕೂಲ, ಶ್ರಾವಣದ ಹಬ್ಬಗಳಿಗೆ ಮುಂಚಿತವಾಗಿ ಕೊಂಡಿಡುವುದು ಗಿರಾಕಿಗೂ ಅನುಕೂಲ; ಎರಡೂ ಕಡೆಯವರಿಗೆ ಅರ್ಥವಾಗುವ ರಿಯಾಯಿತಿ ಅದು. ನಿಮ್ಮ ಮಗನ ಆಲೋಚನೆಯಲ್ಲಿ ಸತ್ಯದ ಅಂಶವೂ ಇದೆ. ವರ್ಷದುದ್ದಕ್ಕೂ ಫಲಕ ತೂಗುಹಾಕಿ, ಚೀಟಿಯಲ್ಲಿ ದರ ಏರಿಸಿ ಆಮೇಲೆ ಇಳಿಸಿ ತೋರಿಸುವ ರೂಢಿ ಇದ್ದರೆ ಅದನ್ನು ಬಿಡಬೇಕು. ಅದನ್ನು ಮೊದಲು ಒಂದು ಅಂತಸ್ತಿನಲ್ಲಿ, ಪಾತ್ರೆ ವಿಭಾಗದಲ್ಲಿ, ಪ್ರಯೋಗ ಮಾಡಿ ನೋಡಿ. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಅದು ಹೇಗೆ ನಡೆಯಿತೆಂದು ತಿಳಿದ ಮೇಲೆ ಸೀರೆಯ ಅಂತಸ್ತಿನ ವಿಚಾರ ಮಾಡಬಹುದು.

ಒಳಾಂಗಣದ ಖರ್ಚನ್ನು ಸದ್ಯಕ್ಕೆ ಮುಂದೂಡುವುದು ಒಳಿತು. ಆ ಹಣದ ಒಂದು ಪಾಲನ್ನು ಕೆಲಸಗಾರರ ಮೇಲೆ ಹಾಕಿ. ಮೇಸೀಸ್ ಎಂಬ ಅಮೆರಿಕದ ಸರಣಿಯು 2024ರ ಫೆಬ್ರುವರಿಯಲ್ಲಿ ಸುಮಾರು 150 ಮಳಿಗೆಗಳನ್ನು ಮುಚ್ಚುವ ತೀರ್ಮಾನದ ಜೊತೆಗೇ, ಆಯ್ದ 50 ಮಳಿಗೆಗಳಲ್ಲಿ ಸಿಬ್ಬಂದಿಯನ್ನು ಹೆಚ್ಚಿಸಿತು, ಅದರಲ್ಲೂ ಪಾದರಕ್ಷೆ ವಿಭಾಗದಲ್ಲಿ ಮತ್ತು ಉಡುಪು ತೊಟ್ಟು ನೋಡುವ ಕೋಣೆಗಳ ಬಳಿ. ಆ ಮಳಿಗೆಗಳು ಸರಣಿಯ ಉಳಿದ ಮಳಿಗೆಗಳಿಗಿಂತ ಉತ್ತಮ ಮಾರಾಟ ತೋರಿದವು. ಮರುವರ್ಷ ಆ ಏರ್ಪಾಡನ್ನು 125 ಮಳಿಗೆಗಳಿಗೆ ವಿಸ್ತರಿಸಲಾಯಿತು. ಪಾದರಕ್ಷೆ ಏಕೆಂದರೆ, ಅಲ್ಲಿ ಗಿರಾಕಿ ತಾನಾಗಿ ಕೊಳ್ಳಲಾರ. ಪ್ರದರ್ಶನಕ್ಕೆ ಇಟ್ಟದ್ದು ಒಂದೇ ಕಾಲಿನದು. ತನ್ನ ಅಳತೆಯ ಜೋಡಿಯನ್ನು ಯಾರಾದರೂ ಒಳಗಿನ ಕೋಣೆಯಿಂದ ತಂದುಕೊಡಬೇಕು. ತರುವವರಿಲ್ಲದಿದ್ದರೆ ಎರಡು ನಿಮಿಷ ನಿಂತು ನೋಡಿ ಹೊರಟುಹೋಗುತ್ತಾನೆ.

ನಿಮ್ಮ ಸೀರೆಯ ಅಂತಸ್ತಿನಲ್ಲಿಯೂ ಸ್ಥಿತಿ ಬೇರೆಯಲ್ಲ. ಗಾದಿಯ ಮೇಲೆ ಕುಳಿತ ಅನುಭವಿ ಸೇಲ್ಸ್‌ಮನ್ ಮಡಿಕೆ ಬಿಚ್ಚಿ, ಸೆರಗನ್ನು ಹರವಿ, ಅಂಚನ್ನು ಬೆಳಕಿಗೆ ಹಿಡಿದು ತೋರಿಸಿದಾಗ, “ಅಮ್ಮಾ, ಇದು ನಿಮಗೆ ಬೇಡ, ಬಣ್ಣ ನಿಲ್ಲುವುದಿಲ್ಲ” ಎಂದು ಒಂದು ಸೀರೆಯನ್ನು ತಾನಾಗಿ ಪಕ್ಕಕ್ಕಿಟ್ಟಾಗ ಹುಟ್ಟುವ ನಂಬಿಕೆ ಮಾಲ್‌ನ ಹ್ಯಾಂಗರ್ ಸಾಲುಗಳಲ್ಲಿ ಸಿಗುವಂಥದ್ದಲ್ಲ. ಅಂಥವರಿಗೆ ಒಳ್ಳೆಯ ಸಂಬಳ ಕೊಟ್ಟು ಉಳಿಸಿಕೊಳ್ಳಿ, ಅವರ ಪಕ್ಕದಲ್ಲಿ ಇಬ್ಬರು ಎಳೆಯರನ್ನು ಕೂರಿಸಿ ಕೆಲಸ ಕಲಿಸಿ. ಸೀರೆಗೆ ಫಾಲ್, ಕುಚ್ಚು ಹಾಕಿಸಿಕೊಡುವ, ರವಿಕೆ ಹೊಲಿಸಿಕೊಡುವ ವ್ಯವಸ್ಥೆಯನ್ನು ಮಳಿಗೆಯೊಳಗೇ ಮಾಡಿದರೆ ಗಿರಾಕಿ ಒಮ್ಮೆ ಕೊಳ್ಳಲು, ಇನ್ನೊಮ್ಮೆ ಒಯ್ಯಲು ಬರುತ್ತಾರೆ. ಸಿದ್ಧ ಉಡುಪಿನಲ್ಲಿ ಹೊಸ ಮಾದರಿಗಳನ್ನು ತುಂಬುವುದಕ್ಕಿಂತ ಇರುವ ಮಾದರಿಯಲ್ಲಿ ಎಲ್ಲ ಸೈಜುಗಳೂ ಇರುವಂತೆ ನೋಡಿಕೊಳ್ಳುವುದು ಮುಖ್ಯ. ಮಧ್ಯದ ಸೈಜುಗಳು ಖಾಲಿಯಾಗಿ, ಯಾರಿಗೂ ಬಾರದ ಎರಡು ಕೊನೆಯ ಸೈಜುಗಳೇ ಕಪಾಟಿನಲ್ಲಿ ಉಳಿದಿದ್ದರೆ, ದಾಸ್ತಾನಿನ ಪುಸ್ತಕದಲ್ಲಿ ಸರಕು ಇದೆಯೆಂದೇ ಕಾಣುತ್ತದೆ, ಗಿರಾಕಿಯ ಪಾಲಿಗೆ ಅಂಗಡಿ ಬರಿದಾಗಿರುತ್ತದೆ.

ಬಿಟ್ಟುಹೋದವರನ್ನು ಕರೆಯುವುದಕ್ಕೆ ನಿಮಗೆ ಜಾಹೀರಾತು ಸಂಸ್ಥೆ ಬೇಕಿಲ್ಲ. ಮದುವೆ ಜವಳಿ ಕೊಂಡ ಮನೆಗಳ ಹೆಸರು, ಫೋನ್ ನಂಬರುಗಳು ನಿಮ್ಮ ಹಳೆಯ ಬಿಲ್ ಪುಸ್ತಕಗಳಲ್ಲಿ ಇರುತ್ತವೆ. ತಂದೆಯವರಿಗೋ ಹಿರಿಯ ಗುಮಾಸ್ತರಿಗೋ ಪರಿಚಯವಿರುವ ಮನೆಗಳಿಗೆ ನೀವೇ ಫೋನ್ ಮಾಡಿ, ಏನೂ ಮಾರದೆ, ಬರುವುದನ್ನು ಏಕೆ ನಿಲ್ಲಿಸಿದಿರಿ ಎಂದು ವಿನಯದಿಂದ ಕೇಳಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಬದಲಿಸಿಕೊಡಲು ಸತಾಯಿಸಿದರು, ಬಿಲ್ಲಿಂಗ್ ಕೌಂಟರಿನಲ್ಲಿ ಬಹಳ ಹೊತ್ತು ನಿಲ್ಲಿಸಿದರು ಎಂಬಂಥ ಉತ್ತರಗಳು ಬರಬಹುದು. ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಲು ಒಳಾಂಗಣಕ್ಕೆ ಬೇಕಾಗುವಷ್ಟು ಹಣ ಬೇಡ.

ಪ್ರಶ್ನೆ: ಗಿರಾಕಿಗಳು ನಿಜವಾಗಿಯೂ ಮರಳುತ್ತಿದ್ದಾರೆಯೇ, ಇಲ್ಲವೇ ರಿಯಾಯಿತಿಯ ದಿನಗಳಲ್ಲಿ ಮಾತ್ರ ಬಂದು ಹೋಗುತ್ತಿದ್ದಾರೆಯೇ ಎಂಬುದನ್ನು ತಿಳಿಯುವುದು ಹೇಗೆ?
— ಮಳಿಗೆಯೊಂದರ ಲೆಕ್ಕಿಗರು, ಮಂಗಳೂರು

ಉತ್ತರ: ಒಟ್ಟು ಮಾರಾಟದ ಮೊತ್ತವನ್ನು ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ಲಾಭ ಬಿಟ್ಟು ಮಾರಿದ ಒಂದು ವಾರ ಇಡೀ ತಿಂಗಳ ಅಂಕಿಯನ್ನು ಎತ್ತಿಬಿಡುತ್ತದೆ. ರಿಯಾಯಿತಿ ಇಲ್ಲದ ಸಾಮಾನ್ಯ ವಾರಗಳನ್ನು ಬೇರೆ ಮಾಡಿ, ಹಿಂದಿನ ವರ್ಷದ ಅದೇ ವಾರಗಳೊಡನೆ ಹೋಲಿಸಿ. ಹೋಲಿಸುವಾಗ ಹಬ್ಬಗಳು ಹಿಂದೆ ಮುಂದೆ ಆಗುವುದನ್ನು ಗಮನಿಸಬೇಕು. ಅಧಿಕ ಮಾಸ ಬಂದ ವರ್ಷ ಗೌರಿ ಹಬ್ಬ ಸೆಪ್ಟೆಂಬರ್‌ಗೂ ಸರಿಯುವುದರಿಂದ ತಾರೀಖಿಗೆ ತಾರೀಖು ಹಿಡಿದ ಹೋಲಿಕೆ ದಾರಿ ತಪ್ಪಿಸುತ್ತದೆ. ಬಾಗಿಲು ದಾಟಿ ಒಳಗೆ ಬಂದವರಲ್ಲಿ ಎಷ್ಟು ಮಂದಿ ಬಿಲ್ ಮಾಡಿಸಿದರು ಎಂಬುದನ್ನು ವಾರಕ್ಕೆ ಎರಡು ದಿನವಾದರೂ ಎಣಿಸಿ. ಸದಸ್ಯತ್ವದ ಕಾರ್ಡ್ ಇಲ್ಲವೇ ಮೊಬೈಲ್ ನಂಬರಿನ ಮೂಲಕ ಬಿಲ್ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ, ಒಂದು ವರ್ಷದಿಂದ ಬಾರದಿದ್ದು ಈಗ ಬಂದಿರುವ ನಂಬರುಗಳನ್ನು ಬೇರೆ ಪಟ್ಟಿ ಮಾಡಿ, ಅವರು ಪೂರ್ಣ ಬೆಲೆಗೆ ಏನನ್ನು ಕೊಂಡರು ಎಂದು ನೋಡಿ. ಎರಡನೆಯ ಸಲವೂ ಅದೇ ವಿಭಾಗಕ್ಕೆ ಬಂದಿದ್ದರೆ, ಮುಂದಿನ ತಿಂಗಳ ಖರೀದಿ ಹಣದಲ್ಲಿ ಮೊದಲ ಪಾಲು ಆ ವಿಭಾಗಕ್ಕೆ ಸಲ್ಲಬೇಕೆಂದು ಮಾಲೀಕರಿಗೆ ಬರೆದು ಕೊಡಿ.